ಬ್ಯಾಟರಿಯ ಮೇಲೆ ಬರುವ ಅಪವಾದ

ಜುಲೈ ತಿಂಗಳ ರಾತ್ರಿ, ಚಾರ್ಮಾಡಿ ಘಾಟಿ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುತ್ತಿರುವ ಹಳೆಯ ಮಾರುತಿ 800. ಹೆಡ್‌ಲೈಟು ಉರಿಯುತ್ತಿದೆ, ವೈಪರ್ ಓಡುತ್ತಿದೆ, ಗಾಜಿಗೆ ಕಟ್ಟಿದ ಹಬೆ ಹೋಗಲೆಂದು ಬ್ಲೋವರ್ ಹಾಕಿದ್ದಾರೆ. ಬಂಪರಿನ ಮೇಲೆ ಯಾವಾಗಲೋ ಕೂರಿಸಿದ ಎರಡು ಹಳದಿ ಫಾಗ್ ಲ್ಯಾಂಪುಗಳೂ ಹೊತ್ತಿಕೊಂಡಿವೆ. ಹೇರ್‌ಪಿನ್ ತಿರುವಿನಲ್ಲಿ ಗೇರ್ ಇಳಿಸಿ ನಿಧಾನಿಸಿದಾಗಲೆಲ್ಲ ಬೆಳಕು ಕೆಂಪಾಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಬೆಳ್ಳಗಾಗುತ್ತದೆ. ಮೇಲೆ ತಲುಪಿ, ಬಿಸಿ ನೀರ್‌ದೋಸೆ ತಿಂದು ಬಂದು ಕೀಲಿ ತಿರುಗಿಸಿದರೆ ಸೆಲ್ಫ್ ಒಮ್ಮೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ತಳ್ಳಲು ಬಂದವರೆಲ್ಲ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಯಿತು.

ಹೋಗಿರಬಹುದು, ಹೋಗದೆಯೂ ಇರಬಹುದು. ತೀರ್ಪು ಕೊಡುವ ಮೊದಲು ಆ ಘಾಟಿಯ ಲೆಕ್ಕವನ್ನೇ ಒಮ್ಮೆ ಹಾಕಿ ನೋಡೋಣ. 60 ವಾಟಿನ ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್ ಬೇಕು. 55 ವಾಟಿನ ಎರಡು ಫಾಗ್ ಲ್ಯಾಂಪಿಗೆ 9. ವೈಪರ್ ಮೋಟರಿಗೆ ಮೂರ್ನಾಲ್ಕು, ಬ್ಲೋವರಿಗೆ ಐದಾರು, ರೇಡಿಯೇಟರ್ ಫ್ಯಾನು ತಿರುಗಿದರೆ ಇನ್ನೊಂದು ಆರೇಳು. ಇಗ್ನಿಷನ್ ಕಾಯಿಲ್, ಹಿಂದಿನ ಕೆಂಪು ದೀಪ, ಮೀಟರಿನ ದೀಪಗಳಿಗೆಲ್ಲ ಸೇರಿ ಮತ್ತೆ ಐದಾರು. ಒಟ್ಟು 40 ಆಂಪಿಯರ್ ಆಸುಪಾಸು. ಆ ಕಾಲದ ಸಣ್ಣ ಕಾರಿನ ಆಲ್ಟರ್‌ನೇಟರು ಎಂಜಿನ್ ಜೋರಾಗಿ ತಿರುಗುವಾಗ ಕೊಡುವುದೇ ಹೆಚ್ಚುಕಡಿಮೆ ಅಷ್ಟು. ತಿರುವಿನಲ್ಲಿ ಎಂಜಿನ್ ನಿಧಾನವಾದರೆ ಅದರ ಅರ್ಧ ಸಿಕ್ಕರೂ ಪುಣ್ಯ. ಮಿಕ್ಕದ್ದನ್ನು ಬ್ಯಾಟರಿ ತನ್ನ ಒಡಲಿನಿಂದಲೇ ಕೊಡಬೇಕು. ಗಂಟೆಗಟ್ಟಲೆ ಹಾಗೆ ಕೊಟ್ಟ ಮೇಲೆ ಸೆಲ್ಫ್ ಎತ್ತುವ ಶಕ್ತಿ ಅದರಲ್ಲಿ ಉಳಿಯದಿದ್ದರೆ ಆಶ್ಚರ್ಯವೇನೂ ಇಲ್ಲ. ಈ ಕಾರಿನಲ್ಲಿ ಒಂದೇ ಒಂದು ಭಾಗವೂ ಕೆಟ್ಟಿರದೆ ಇರಬಹುದು. ಅಥವಾ ಬೆಲ್ಟ್ ಸಡಿಲವಿರಬಹುದು, ಬ್ರಷ್ ಸವೆದಿರಬಹುದು, ಅರ್ಥ್ ವೈರಿನ ಬೋಲ್ಟಿಗೆ ತುಕ್ಕು ಹಿಡಿದಿರಬಹುದು. ಅಳೆದು ನೋಡದೆ ಇದನ್ನು ಹೇಳಲು ಯಾರಿಂದಲೂ ಆಗದು.

ಆದರೂ ಮರುದಿನ ಆಗುವುದೇನೆಂದರೆ, ಹೊಸ ಬ್ಯಾಟರಿ ಬರುತ್ತದೆ. ಒಂದೆರಡು ತಿಂಗಳು ಕಾರು ಚೆನ್ನಾಗಿ ಓಡಿ ಮತ್ತೆ ಅದೇ ‘ಟಿಕ್’. ಆಗ ಆಲ್ಟರ್‌ನೇಟರು ಬದಲಾಗುತ್ತದೆ. ಆಮೇಲೆ ‘ಹಳೇ ಗಾಡಿ, ಇನ್ನೇನು ಮಾಡೋಕಾಗುತ್ತೆ, ಕೊಟ್ಟುಬಿಡಿ’ ಎಂಬ ಸಲಹೆ. ಹದಿನೈದು ವರ್ಷ ದಾಟಿ, ಎಫ್‌ಸಿ ಮಾಡಿಸಿಕೊಂಡು, ಹಸಿರು ತೆರಿಗೆ ಕಟ್ಟಿಸಿಕೊಂಡು ಗಟ್ಟಿಮುಟ್ಟಾಗಿ ನಿಂತ ಎಷ್ಟೋ ಕಾರುಗಳು ಕೊನೆಗೆ ಗುಜರಿಗೆ ಹೋಗುವುದು ಎಂಜಿನ್ ಕೆಟ್ಟು ಅಲ್ಲ, ಇಂಥ ಬಗೆಹರಿಯದ ಸಣ್ಣ ತಕರಾರಿನಿಂದ ಮನೆಯವರ ತಾಳ್ಮೆ ಕೆಟ್ಟು. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲಿ. ಕಾರಿನಲ್ಲಿರುವ ದೋಷಗಳಲ್ಲಿ ಚಾರ್ಜಿಂಗ್ ದೋಷದಷ್ಟು ಸ್ಪಷ್ಟವಾಗಿ ಅಂಕಿಯಲ್ಲಿ ಉತ್ತರ ಕೊಡುವ ದೋಷ ಇನ್ನೊಂದಿಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಸಾಕು, ಉಳಿದದ್ದು ಕ್ರಮ ಮತ್ತು ಸಹನೆ.

12.6ರಿಂದ ಶುರು

ಬ್ಯಾಟರಿಯ ನಿಜವಾದ ಕೆಲಸ ಎಷ್ಟು ಚಿಕ್ಕದು ಎಂಬುದು ಮೊದಲು ಗೊತ್ತಿರಬೇಕು. ಸಣ್ಣ ಕಾರಿನ ಸೆಲ್ಫ್ ಮೋಟರು ತಿರುಗುವಾಗ 150 ಆಂಪಿಯರ್ ಎಳೆಯಿತು, ಮೂರು ಸೆಕೆಂಡಿಗೆ ಎಂಜಿನ್ ಹತ್ತಿಕೊಂಡಿತು ಎಂದಿಟ್ಟುಕೊಳ್ಳಿ. ಬ್ಯಾಟರಿಯಿಂದ ಹೋದದ್ದು ಒಂದು ಆಂಪಿಯರ್ ಅವರ್‌ನ ಎಂಟನೇ ಒಂದು ಪಾಲು ಮಾತ್ರ. ಮಾರುತಿ 800ಕ್ಕೆ ಹಾಕುವ 35 ಆಂಪಿಯರ್ ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ಆಲ್ಟರ್‌ನೇಟರು 10 ಆಂಪಿಯರ್ ಹೆಚ್ಚಿಗೆ ಕೊಟ್ಟರೆ ಒಂದು ನಿಮಿಷದೊಳಗೆ ಆ ಸಾಲ ತೀರುತ್ತದೆ. ಒಮ್ಮೆ ಎಂಜಿನ್ ಹತ್ತಿದ ಮೇಲೆ ದೀಪ, ಹಾರ್ನು, ವೈಪರ್ ಎಲ್ಲವನ್ನೂ ಸಾಕಬೇಕಾದದ್ದು ಆಲ್ಟರ್‌ನೇಟರು. ಬ್ಯಾಟರಿಯದು ಬರೀ ದಾಸ್ತಾನು. ದಾಸ್ತಾನು ಖಾಲಿಯಾಗಿದೆ ಎಂದರೆ ಮೂರು ಸಾಧ್ಯತೆ: ದಾಸ್ತಾನಿಗೆ ತೂತಾಗಿದೆ, ತುಂಬುವವರು ತುಂಬುತ್ತಿಲ್ಲ, ಅಥವಾ ಯಾರೋ ರಾತ್ರಿ ಕದಿಯುತ್ತಿದ್ದಾರೆ.

1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ರೂಪಿಸಿದ ಸೀಸ ಮತ್ತು ಆಮ್ಲದ ಕೋಶವೇ ಇಂದಿಗೂ ನಮ್ಮ ಬಾನೆಟ್ಟಿನ ಕೆಳಗಿರುವುದು. ಪೂರ್ತಿ ತುಂಬಿದ ಒಂದು ಕೋಶದ ಒತ್ತಡ 2.1 ವೋಲ್ಟ್. ಆರು ಕೋಶ ಸೇರಿದರೆ 12.6. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಕಂಬಗಳಿಗೆ ಬೆಳಿಗ್ಗೆ ಮೀಟರ್ ಹಿಡಿದಾಗ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಕಾಲುಭಾಗ. ಬಹಳ ಜನ ‘ಹನ್ನೆರಡು ಇದೆಯಲ್ಲ, ಸರಿಯಾಗಿಯೇ ಇದೆ’ ಎಂದುಕೊಳ್ಳುತ್ತಾರೆ. 12 ವೋಲ್ಟಿನ ಬ್ಯಾಟರಿಯಲ್ಲಿ 12 ಎಂಬುದು ಹಸಿವಿನ ಅಂಕಿ. ಆ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಸೀಸದ ಹಲಗೆಗಳ ಮೇಲೆ ಸಲ್ಫೇಟಿನ ಗಟ್ಟಿ ಹರಳು ಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ನಿಂತಲ್ಲೇ ನಿಂತ ಕಾರುಗಳ ಬ್ಯಾಟರಿಗಳು ಸಾಲುಸಾಲಾಗಿ ಸತ್ತದ್ದು ಹೀಗೆಯೇ.

ಈಗಷ್ಟೇ ಓಡಿ ಬಂದು ನಿಂತ ಕಾರಿನಲ್ಲಿ ಈ ಅಂಕಿಯನ್ನು ನಂಬಬಾರದು. ಹಲಗೆಯ ಮೇಲ್ಮೈಯಲ್ಲಿ ನಿಂತ ಚಾರ್ಜು ಸುಳ್ಳು ಹೇಳಿಸುತ್ತದೆ. ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ಮುಚ್ಚಳ ತೆಗೆಯಬಹುದಾದ ಹಳೆಯ ಮಾದರಿ ಬ್ಯಾಟರಿಯಾದರೆ ಇನ್ನೂ ಒಳ್ಳೆಯದು: ಹೈಡ್ರೋಮೀಟರ್ ಇಳಿಸಿ ಒಂದೊಂದೇ ಕೋಶದ ಆಮ್ಲದ ಸಾಂದ್ರತೆ ನೋಡಿ. ತುಂಬಿದ ಕೋಶದಲ್ಲಿ 1.240ರಿಂದ 1.280ರವರೆಗೆ ಇರುತ್ತದೆ. ಐದು ಕೋಶ ಒಂದೇ ಮಟ್ಟದಲ್ಲಿದ್ದು ಆರನೆಯದು ಮಾತ್ರ 0.050ರಷ್ಟು ಕೆಳಗಿದ್ದರೆ ಅಲ್ಲಿಗೆ ವಿಚಾರಣೆ ಮುಗಿಯಿತು, ಬ್ಯಾಟರಿಯೇ ಅಪರಾಧಿ. ಆರೂ ಕೋಶಗಳು ಒಂದೇ ಸಮ ಕೆಳಗಿದ್ದರೆ ಅದಕ್ಕೆ ಊಟ ಸಿಕ್ಕಿಲ್ಲ ಎಂದರ್ಥ. ಮೊಹರು ಹಾಕಿದ ಬ್ಯಾಟರಿಗಳು ಬಂದ ಮೇಲೆ ಈ ಗಾಜಿನ ಪಿಚಕಾರಿ ಅಂಗಡಿಗಳಿಂದ ಮರೆಯಾಗುತ್ತಿದೆ. ಹಳೆಯ ಕಾರು ಇಟ್ಟುಕೊಂಡವರು ಒಂದನ್ನು ಹುಡುಕಿ ಇಟ್ಟುಕೊಳ್ಳುವುದು ಲೇಸು.

ಮುಂದಿನದು ಸೆಲ್ಫ್ ಹೊಡೆಯುವಾಗಿನ ಅಂಕಿ. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಲಿ. ಒತ್ತಡ 10ರ ಮೇಲೆ ನಿಂತರೆ ಬ್ಯಾಟರಿಗೆ ಇನ್ನೂ ಕಸುವಿದೆ. ತುಂಬಿದೆ ಎಂದು ತೋರಿಸಿದ ಬ್ಯಾಟರಿಯೇ 9.6ಕ್ಕಿಂತ ಕೆಳಗೆ ಜಾರಿದರೆ ಒಳಗೆ ಸೊರಗಿದೆ. ಎಂಜಿನ್ ಹತ್ತಿದ ಮೇಲೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಅದೇ ಕಂಬಗಳ ನಡುವೆ 13.8ರಿಂದ 14.4 ಬರಬೇಕು. 12.6ರಲ್ಲೇ ನಿಂತು ಮೆಲ್ಲಗೆ ಇಳಿಯುತ್ತಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿಯ ನೀರು ಬೇಗ ಇಂಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬುಗಳು ಪದೇಪದೇ ಸುಟ್ಟುಹೋಗುತ್ತವೆ. ಇಷ್ಟಕ್ಕೇ ನಿಲ್ಲಿಸಬಾರದು. ಹೆಡ್‌ಲೈಟು, ಬ್ಲೋವರ್, ವೈಪರ್ ಎಲ್ಲ ಹಾಕಿ, ಎಂಜಿನ್ ಎರಡು ಸಾವಿರ ಸುತ್ತಿನಲ್ಲಿದ್ದಾಗ ಮತ್ತೆ ನೋಡಬೇಕು. ಆಗಲೂ 13.5ರ ಹತ್ತಿರ ನಿಂತರೆ ಆಲ್ಟರ್‌ನೇಟರಿನ ಮೇಲೆ ಅನುಮಾನ ಬೇಡ. ಬರೀ ಹೊರೆ ಇಲ್ಲದ ಅಳತೆಯಲ್ಲಿ ಪಾಸಾಗಿ, ಹೊರೆ ಬಿದ್ದ ಕೂಡಲೇ ಕುಸಿಯುವ ಆಲ್ಟರ್‌ನೇಟರುಗಳು ಬೇಕಾದಷ್ಟಿವೆ. ಮೂರು ಸುರುಳಿಗಳಲ್ಲಿ ಒಂದು ಕೈಕೊಟ್ಟಿರುತ್ತದೆ, ಅಥವಾ ಆರು ಡಯೋಡ್‌ಗಳಲ್ಲಿ ಒಂದು ಸತ್ತಿರುತ್ತದೆ.

ಕೆಂಪು ದೀಪ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಪುಟ್ಟ ಕೆಂಪು ದೀಪವನ್ನು ಎಲ್ಲರೂ ಎಚ್ಚರಿಕೆಯ ದೀಪ ಎಂದಷ್ಟೇ ತಿಳಿದಿದ್ದಾರೆ. ಹಳೆಯ ಕಾರುಗಳಲ್ಲಿ ಅದಕ್ಕೆ ಇನ್ನೊಂದು ದೊಡ್ಡ ಕೆಲಸವಿದೆ. ಆಲ್ಟರ್‌ನೇಟರಿನೊಳಗೆ ತಿರುಗುವ ರೋಟರ್ ವಿದ್ಯುತ್‌ಕಾಂತ. ಅದಕ್ಕೆ ಮೊದಲು ಒಂದಿಷ್ಟು ಕರೆಂಟು ಹೋದರೆ ಮಾತ್ರ ಕಾಂತತ್ವ ಹುಟ್ಟಿ ಕರೆಂಟು ಉತ್ಪತ್ತಿಯಾಗಲು ಶುರುವಾಗುತ್ತದೆ. ಹಲವು ಹಳೆಯ ಕಾರುಗಳಲ್ಲಿ ಆ ಮೊದಲ ತುತ್ತು ಹೋಗುವುದು ಈ ಬಲ್ಬಿನ ಮೂಲಕವೇ. ಕೀಲಿ ಹಾಕಿದಾಗ ಬ್ಯಾಟರಿಯಿಂದ ಬಲ್ಬಿಗೆ, ಬಲ್ಬಿನಿಂದ ರೋಟರಿಗೆ ಕರೆಂಟು ಹರಿದು ಅರ್ಥ್ ಸೇರುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಹತ್ತಿ ಆಲ್ಟರ್‌ನೇಟರು ತಾನೇ ಕರೆಂಟು ಕೊಡತೊಡಗಿದಾಗ ಬಲ್ಬಿನ ಎರಡೂ ಬದಿಗೆ ಒಂದೇ ಒತ್ತಡ. ಹರಿಯಲು ಕಾರಣವೇ ಇಲ್ಲದೆ ದೀಪ ಆರುತ್ತದೆ.

ಈ ಸರಳ ಉಪಾಯದಿಂದ ಎಷ್ಟೊಂದು ತಿಳಿಯುತ್ತದೆ ನೋಡಿ. ಕೀಲಿ ಹಾಕಿದಾಗ ದೀಪ ಹೊತ್ತಲೇ ಇಲ್ಲವೆಂದರೆ ಬಲ್ಬು ಸುಟ್ಟಿದೆ, ಅದರ ತೆಳು ವೈರು ಕಿತ್ತಿದೆ, ಇಲ್ಲವೇ ಬ್ರಷ್ ಸವೆದು ರೋಟರಿಗೆ ತಾಗುತ್ತಿಲ್ಲ. ಇಂಥ ಕಾರಿನಲ್ಲಿ ಒಂದು ಬಲ್ಬು ಸುಟ್ಟ ಕಾರಣಕ್ಕೆ ಚಾರ್ಜಿಂಗ್ ಪೂರ್ತಿ ನಿಲ್ಲಬಹುದು, ಅಥವಾ ಎಂಜಿನನ್ನು ಜೋರಾಗಿ ಒದರಿಸಿದ ಮೇಲಷ್ಟೇ ಶುರುವಾಗಬಹುದು. ಉರಿಯದ ದೀಪ ನೋಡಿ ‘ಎಲ್ಲ ಸರಿ ಇದೆ’ ಎಂದು ನಿಶ್ಚಿಂತೆಯಿಂದ ಇದ್ದವರೇ ದಾರಿಯಲ್ಲಿ ನಿಲ್ಲುವುದು. ಓಡುವಾಗಲೂ ದೀಪ ಪೂರ್ತಿ ಉರಿಯುತ್ತಿದ್ದರೆ ಆಲ್ಟರ್‌ನೇಟರು ಕೆಲಸ ಮಾಡುತ್ತಿಲ್ಲ. ಮೊದಲು ಬೆಲ್ಟ್ ಇದೆಯೇ ನೋಡಿ, ಯಾಕೆಂದರೆ ಬಹಳ ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ, ತುಂಡಾಗಿದ್ದರೆ ಎಂಜಿನ್ ಕಾದು ಸುಡುತ್ತದೆ. ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಿಣಮಿಣ ಉರಿದರೆ ಡಯೋಡ್ ಮೇಲೆ ಅನುಮಾನ ಪಡಬೇಕು. ಆಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಓಡುವ ಎಂಜಿನಿನ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸುವುದುಂಟು. ರೇಡಿಯೋದಲ್ಲಿ ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್ ಸದ್ದೂ ಇದೇ ರೋಗದ ಲಕ್ಷಣ.

ಬ್ರಷ್ ಪರೀಕ್ಷೆಗೆ ಒಂದು ಸುಂದರವಾದ ದಾರಿಯಿದೆ. ಎಂಜಿನ್ ಹಾಕದೆ ಕೀಲಿಯನ್ನಷ್ಟೇ ತಿರುಗಿಸಿ, ಕಬ್ಬಿಣದ ಸ್ಕ್ರೂಡ್ರೈವರನ್ನು ಆಲ್ಟರ್‌ನೇಟರಿನ ಹಿಂಬದಿಯ ಬೇರಿಂಗ್ ಹತ್ತಿರ ಒಯ್ಯಿರಿ. ರೋಟರಿಗೆ ಕರೆಂಟು ಹೋಗುತ್ತಿದ್ದರೆ ಕೈಗೆ ಸ್ಪಷ್ಟವಾಗಿ ಸೆಳೆತ ಗೊತ್ತಾಗುತ್ತದೆ. ಸೆಳೆತ ಇಲ್ಲವೆಂದರೆ ಬ್ರಷ್, ಸ್ಲಿಪ್ ರಿಂಗ್, ರೆಗ್ಯುಲೇಟರ್ ಅಥವಾ ದೀಪದ ವೈರಿನ ಕಡೆ ಹೋಗಿ. ಸೆಳೆತ ಇದ್ದೂ ಚಾರ್ಜಿಂಗ್ ಇಲ್ಲವೆಂದರೆ ಡಯೋಡ್ ಅಥವಾ ಸ್ಟೇಟರ್ ಕಡೆ. ಅರ್ಧ ನಿಮಿಷದ ಕೆಲಸದಲ್ಲಿ ಹುಡುಕಾಟ ಅರ್ಧಕ್ಕಿಳಿಯಿತು. ಕಾರ್ಬನ್ ಬ್ರಷ್ ಸವೆದು 5 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಬದಲಿಸಬೇಕು, ಅಷ್ಟೇ. ಜೊತೆ ಬ್ರಷ್ಷಿನ ಬೆಲೆ ಇಡೀ ಆಲ್ಟರ್‌ನೇಟರಿನ ಬೆಲೆಯ ಮುಂದೆ ಏನೂ ಅಲ್ಲ.

ತುಕ್ಕು ತಿಂದ ಒಂದು ವೋಲ್ಟ್

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆಲ್ಟರ್‌ನೇಟರಿನ ದಪ್ಪ ಬೋಲ್ಟಿನಲ್ಲಿ 14.2 ಇದೆ, ಬ್ಯಾಟರಿಯಲ್ಲಿ 13.2 ಇದೆ ಎಂದುಕೊಳ್ಳಿ. ನಡುವಿನ ಒಂದು ವೋಲ್ಟ್ ಎಲ್ಲಿ ಹೋಯಿತು? ಇಪ್ಪತ್ತೈದು ವರ್ಷದ ಹಳೆಯ ವೈರು, ಕಪ್ಪಾದ ಕನೆಕ್ಟರ್, ಬಣ್ಣದ ಮೇಲೆ ಕೂರಿಸಿದ ಅರ್ಥ್ ಬೋಲ್ಟ್, ಹಸಿರು ಪುಡಿ ಕಟ್ಟಿದ ಟರ್ಮಿನಲ್. ಇವುಗಳ ತಡೆ ಎಲ್ಲ ಸೇರಿ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗವಾದರೂ ಸಾಕು, 20 ಆಂಪಿಯರ್ ಹರಿಯುವಾಗ ಒಂದು ವೋಲ್ಟ್ ಅಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. 13.2ರಲ್ಲಿ ಬ್ಯಾಟರಿ ಚಾರ್ಜ್ ಆಗುತ್ತದೆ, ಆದರೆ ಎಂದೂ ಪೂರ್ತಿ ತುಂಬುವುದಿಲ್ಲ. ಸದಾ ಅರೆಹೊಟ್ಟೆ. ದಿನಾ ಓಡುವ ಕಾರು, ದೀಪ ಉರಿಯುತ್ತಿಲ್ಲ, ಏನೂ ದೋಷ ಕಾಣುವುದಿಲ್ಲ. ಸಲ್ಫೇಟ್ ಮಾತ್ರ ಒಳಗೊಳಗೆ ಕಟ್ಟುತ್ತಿದೆ. ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿ ವರ್ಷಕ್ಕೇ ಸಾಯುತ್ತದೆ. ‘ಈಗಿನ ಬ್ಯಾಟರಿ ಬಾಳಿಕೆ ಬರಲ್ಲ’ ಎಂದು ಕಂಪನಿಯನ್ನು ಬೈದು ಇನ್ನೊಂದು ತರುತ್ತಾರೆ. ಅದೂ ಅದೇ ದಾರಿ ಹಿಡಿಯುತ್ತದೆ.

ಈ ದೋಷ ಓಮ್ ಮೀಟರಿನಲ್ಲಿ ಕಾಣದು. ಕರೆಂಟು ಹರಿಯುತ್ತಿರುವಾಗಲೇ ಹಿಡಿಯಬೇಕು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು ಮತ್ತು ಬ್ಲೋವರ್ ಹಾಕಿರಲಿ. ಮೀಟರಿನ ಒಂದು ಕಡ್ಡಿ ಆಲ್ಟರ್‌ನೇಟರಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ. ಟರ್ಮಿನಲ್ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ಕಳ್ಳನಿದ್ದಾನೆ. ಆಮೇಲೆ ಆಲ್ಟರ್‌ನೇಟರಿನ ಮೈಗೂ ನೆಗೆಟಿವ್ ಕಂಬಕ್ಕೂ ನಡುವೆ ಅದೇ ರೀತಿ, ಇಲ್ಲಿ 0.2 ದಾಟಬಾರದು. ಹೆಚ್ಚಿದ್ದರೆ ಕಡ್ಡಿಯನ್ನು ಒಂದೊಂದೇ ಕೂಡುಗಂಟಿಗೆ ಸರಿಸುತ್ತ ಹೋಗಿ, ಎಲ್ಲಿ ಅಂಕಿ ತಟ್ಟನೆ ಬೀಳುತ್ತದೋ ರೋಗ ಅಲ್ಲಿದೆ. ಎಂಜಿನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಮರೆಯದೆ ನೋಡಬೇಕು. ಕ್ಲಚ್ ಪ್ಲೇಟ್ ಕೆಲಸಕ್ಕೆ ಎಂಜಿನ್ ಇಳಿಸಿದಾಗ ಬಿಚ್ಚಿದ್ದನ್ನು ಮತ್ತೆ ಹಾಕದೇ ಬಿಟ್ಟಿರುವುದು ಅಪರೂಪವಲ್ಲ. ಆಗ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಲ್ಲೋ ಗೇರ್ ಲಿಂಕೇಜಿನಲ್ಲೋ ದಾರಿ ಹುಡುಕುತ್ತದೆ, ಆ ಕೇಬಲ್ಲುಗಳು ಬಿಸಿಯಾಗಿ ಹಿಡಿದುಕೊಳ್ಳುತ್ತವೆ.

ನುರಿತ ಆಟೋ ಎಲೆಕ್ಟ್ರಿಷಿಯನ್‌ಗಳು ಮೀಟರಿಗಿಂತ ಹೆಚ್ಚಾಗಿ ಟೆಸ್ಟ್ ಲ್ಯಾಂಪನ್ನು ನಂಬುತ್ತಾರೆ. ಹೋಲ್ಡರಿನಲ್ಲಿ 21 ವಾಟಿನ ಇಂಡಿಕೇಟರ್ ಬಲ್ಬು, ಎರಡು ವೈರು, ತುದಿಗೆ ಒಂದು ಕ್ಲಿಪ್ಪು, ಒಂದು ಸೂಜಿ. ಇದು ಹಳ್ಳಿಯ ಸಲಕರಣೆ ಎಂದು ಕಡೆಗಣಿಸುವವರು ಅದರ ಹಿಂದಿನ ವಿವೇಕವನ್ನು ಕಾಣಬೇಕು. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದ ವೈರಿನಲ್ಲೂ ಡಿಜಿಟಲ್ ಮೀಟರ್ 12.5 ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬು ಎರಡು ಆಂಪಿಯರಿನ ಹತ್ತಿರ ಎಳೆಯುತ್ತದೆ. ಕೆಟ್ಟ ಕೂಡುಗಂಟಿದ್ದರೆ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಎಲೆಕ್ಟ್ರಾನಿಕ್ ಕಂಪ್ಯೂಟರ್ ಇರುವ ಹೊಸ ಕಾರುಗಳ ತೆಳು ವೈರುಗಳಿಗೆ ಮಾತ್ರ ಇದನ್ನು ತಾಗಿಸಬಾರದು.

ಕರಾವಳಿಯ ಕಾರುಗಳಿಗೆ ಈ ಕಾಟ ಇನ್ನೂ ಹೆಚ್ಚು. ಕಾರವಾರ, ಮಲ್ಪೆ, ಮಂಗಳೂರಿನ ಉಪ್ಪುಗಾಳಿ ಮತ್ತು ಮಳೆ ಸೇರಿ ಅರ್ಥ್ ಬೋಲ್ಟುಗಳನ್ನು ತಿನ್ನುತ್ತವೆ. ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲಿನ್ ಸವರಬೇಕು. ಬಿಗಿಯುವ ಮೊದಲು ಗ್ರೀಸ್ ಮೆತ್ತಿ ಕೂರಿಸಬಾರದು. ಟರ್ಮಿನಲ್ಲಿನ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು, ಕೋಶದೊಳಗೆ ಅದು ಬೀಳದ ಹಾಗೆ ನೋಡಿಕೊಂಡರಾಯಿತು. ರಾಯಚೂರು, ಕಲಬುರಗಿಯ ಕಡೆ ತುಕ್ಕಿನ ಬದಲು ಬಿಸಿಲಿನ ಸಮಸ್ಯೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಇಂಥ ಬ್ಯಾಟರಿಯ ಆಯುಸ್ಸು ಅರ್ಧದಷ್ಟು ಕುಗ್ಗುತ್ತದೆ ಎಂಬುದು ಬಲ್ಲವರು ಒಪ್ಪಿದ ಅಂದಾಜು. ಅಲ್ಲಿ ಬೇಸಿಗೆಯಲ್ಲಿ ಆಗಾಗ ಡಿಸ್ಟಿಲ್ಡ್ ವಾಟರಿನ ಮಟ್ಟ ನೋಡದಿದ್ದರೆ ಹಲಗೆಗಳು ಒಣಗುತ್ತವೆ.

ಬೆಲ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉದ್ದನೆಯ ಎಳೆಯ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿಲಿಮೀಟರ್ ತಗ್ಗಬೇಕು. ಬೆಳಿಗ್ಗೆ ಹೆಡ್‌ಲೈಟ್ ಹಾಕಿದ ಕೂಡಲೇ ಕೀಚಲು ದನಿ ಬಂದರೆ ಜಾರುತ್ತಿದೆ. ಹೆಚ್ಚು ಬಿಗಿದರೆ ಬೇರಿಂಗ್ ಹೋಗುತ್ತದೆ.

ಡೈನಮೋ ಕಾಲದ ಪಾಠ, ಡೈನಮೋ ಕಾಲದ ರೂಢಿ

ಕಾರಿಗೆ ವಿದ್ಯುತ್ ಸೆಲ್ಫ್ ಬಂದದ್ದು 1912ರ ಕ್ಯಾಡಿಲಾಕಿನಲ್ಲಿ, ಚಾರ್ಲ್ಸ್ ಕೆಟರಿಂಗ್ ಅವರ ಕೈಯಿಂದ. ಅಲ್ಲಿಂದ ಸುಮಾರು ಅರ್ಧ ಶತಮಾನ ಕಾರುಗಳನ್ನು ಸಾಕಿದ್ದು ಡೈನಮೋ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್‌ನೇಟರು ಕೂರಿಸಿದ ಮೇಲೆ ಕಾಲ ಬದಲಾಯಿತು. ನಮ್ಮಲ್ಲಿ ಅಂಬಾಸಿಡರ್ ಮತ್ತು ಫಿಯಟ್‌ಗಳ ಹಳೆಯ ಮಾದರಿಗಳು ಡೈನಮೋ ಹೊತ್ತುಕೊಂಡೇ ಬಹಳ ಕಾಲ ಓಡಿದವು. ಇಂದಿಗೂ ಅಂಥ ಕಾರುಗಳನ್ನು ಜೋಪಾನ ಮಾಡಿದವರು ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಇದ್ದಾರೆ.

ಲೂಕಾಸ್ ಸಿ40 ಮಾದರಿಯ ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಸಾಕಷ್ಟು ವೇಗದಲ್ಲಿದ್ದಾಗ. ಐಡ್ಲಿಂಗಿನಲ್ಲಿ ಏನೂ ಇಲ್ಲ. ಹಾಗಾಗಿ ಈ ಕಾರುಗಳಿಗೆ ಹ್ಯಾಲೋಜೆನ್ ಫಾಗ್ ಲ್ಯಾಂಪ್ ಕೂರಿಸುವುದು ಬ್ಯಾಟರಿಗೆ ಮಾಡುವ ಅನ್ಯಾಯ. ಡೈನಮೋ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಕಟೌಟ್, ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಎರಡೂ ಒಂದೇ ಕಪ್ಪು ಡಬ್ಬಿಯಲ್ಲಿ ಇರುತ್ತವೆ. ಕಟೌಟ್ 12.7ರಿಂದ 13.3 ವೋಲ್ಟಿನ ನಡುವೆ ‘ಟಕ್’ ಎಂದು ಕೂಡಬೇಕು. ಡೈನಮೋ ಸರಿ ಇದೆಯೇ, ಡಬ್ಬಿ ಕೆಟ್ಟಿದೆಯೇ ಎಂದು ಬೇರ್ಪಡಿಸುವ ಪರೀಕ್ಷೆ ಆ ಕಾಲದ ಮೆಕ್ಯಾನಿಕ್‌ಗಳಿಗೆ ಬಾಯಿಪಾಠ. ಡೈನಮೋದ ಡಿ ಮತ್ತು ಎಫ್ ವೈರುಗಳನ್ನು ಬಿಚ್ಚಿ, ಆ ಎರಡು ಟರ್ಮಿನಲ್ಲುಗಳನ್ನು ತುಂಡು ವೈರಿನಿಂದ ಕೂಡಿಸಿ, ಅದಕ್ಕೂ ಮೈಗೂ ನಡುವೆ ಮೀಟರ್ ಹಿಡಿಯಬೇಕು. ಎಂಜಿನ್ ವೇಗ ಮೆಲ್ಲಗೆ ಏರಿಸಿದಂತೆ ಅಂಕಿ ಸರಾಗವಾಗಿ ಏರಬೇಕು. 20 ವೋಲ್ಟ್ ಮುಟ್ಟಲು ಬಿಡಬಾರದು, ಸಾವಿರ ಸುತ್ತು ಮೀರುವ ಅಗತ್ಯವೂ ಇಲ್ಲ. ಸರಾಗ ಏರಿದರೆ ಡೈನಮೋ ನಿರಪರಾಧಿ. ಒಂದು ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಫೀಲ್ಡ್ ಸುರುಳಿ, ನಾಲ್ಕೈದಕ್ಕೆ ನಿಂತರೆ ಆರ್ಮೇಚರ್. ಏನೂ ಬರದಿದ್ದರೆ ಮೊದಲು ಬ್ರಷ್ ಮತ್ತು ಕಮ್ಯುಟೇಟರ್ ನೋಡಿ, ಅದನ್ನು ನಯವಾದ ಗಾಜಿನ ಕಾಗದದಿಂದ ಉಜ್ಜಿ, ಎಮೆರಿಯಿಂದ ಬೇಡ.

ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಪಾಸಿಟಿವ್ ಕಂಬ ಬಾಡಿಗೆ ಸೇರಿರುವುದುಂಟು. ಬ್ಯಾಟರಿ ಬದಲಿಸುವಾಗ ಅದನ್ನು ತಿಳಿಯದೆ ತಿರುಗಿಸಿದರೆ ಡೈನಮೋದ ಧ್ರುವ ಅದಲುಬದಲಾಗುತ್ತದೆ. ಎಫ್ ವೈರು ಬಿಚ್ಚಿ, ಬ್ಯಾಟರಿಯ ಅರ್ಥ್ ಅಲ್ಲದ ಕಂಬದಿಂದ ಒಂದು ವೈರನ್ನು ಡೈನಮೋದ ಎಫ್ ಟರ್ಮಿನಲ್ಲಿಗೆ ಕ್ಷಣಮಾತ್ರ ತಾಗಿಸಿದರೆ ಧ್ರುವ ಸರಿಹೋಗುತ್ತದೆ.

ಆ ಕಾಲದಿಂದ ಉಳಿದುಬಂದ ಒಂದು ರೂಢಿಯನ್ನು ಮಾತ್ರ ಈಗಲೇ ಬಿಡಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ‘ನೋಡಿ, ಗಾಡಿ ನಿಲ್ಲಲಿಲ್ಲ, ಚಾರ್ಜಿಂಗ್ ಇದೆ’ ಎಂದು ತೋರಿಸುವ ಪರೀಕ್ಷೆ. ರಸ್ತೆಬದಿಯ ಗ್ಯಾರೇಜುಗಳಲ್ಲಿ ಇಂದಿಗೂ ಇದು ನಡೆಯುತ್ತದೆ, ಅನುಭವಿಗಳೇ ಮಾಡುತ್ತಾರೆ. ಆಲ್ಟರ್‌ನೇಟರು ಇರುವ ಕಾರಿನಲ್ಲಿ ಬ್ಯಾಟರಿ ಎಂಬುದು ಒತ್ತಡದ ಏರಿಳಿತವನ್ನು ನುಂಗಿಕೊಳ್ಳುವ ದೊಡ್ಡ ತೊಟ್ಟಿ. ಕರೆಂಟು ಹರಿಯುತ್ತಿರುವಾಗ ಅದನ್ನು ಕಿತ್ತರೆ ರೋಟರಿನ ಕಾಂತತ್ವ ತಕ್ಷಣ ಇಳಿಯದೆ ಒತ್ತಡ ಒಮ್ಮೆಲೇ ನೆಗೆದು 40 ವೋಲ್ಟ್ ದಾಟಬಹುದು, ಇನ್ನೂ ಮೇಲೂ ಹೋಗಬಹುದು. ಡಯೋಡ್, ರೆಗ್ಯುಲೇಟರ್, ಸ್ಟೀರಿಯೋ, ಇಂಜೆಕ್ಷನ್ ಕಾರಾದರೆ ಅದರ ಕಂಪ್ಯೂಟರ್ ಎಲ್ಲಕ್ಕೂ ಅಪಾಯ. ಚೆನ್ನಾಗಿದ್ದ ಆಲ್ಟರ್‌ನೇಟರನ್ನು ಪರೀಕ್ಷೆಯೇ ಕೊಲ್ಲುತ್ತದೆ. ಅದರ ಜೊತೆಗೆ, ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತಿರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಟರ್ಮಿನಲ್ ಕೀಳುವ ಕಿಡಿ ಸರಿಯಾಗಿ ಅಲ್ಲೇ ಹುಟ್ಟುತ್ತದೆ, ಮುಖ ಅದರ ಮೇಲೇ ಬಾಗಿರುತ್ತದೆ. ನಿಮ್ಮ ಕಾರಿಗೆ ಯಾರಾದರೂ ಈ ಪರೀಕ್ಷೆ ಮಾಡಲು ಸ್ಪಾನರ್ ಎತ್ತಿದರೆ ಸಂಕೋಚವಿಲ್ಲದೆ ಕೈ ತಡೆಯಿರಿ.

ರಾತ್ರಿ ಕಳ್ಳ

ಚಾರ್ಜಿಂಗ್ 14.2 ಇದೆ, ಬ್ಯಾಟರಿ ಹೊಸದು, ಆದರೂ ಮೂರು ದಿನ ನಿಂತರೆ ಕಾರು ಹತ್ತುವುದಿಲ್ಲ. ಕೀಲಿ ತೆಗೆದ ಮೇಲೂ ಯಾವುದೋ ಕರೆಂಟು ಎಳೆಯುತ್ತಿದೆ. ಡಿಕ್ಕಿಯ 5 ವಾಟಿನ ದೀಪ ಆರದೆ ಉಳಿದರೆ ದಿನಕ್ಕೆ 10 ಆಂಪಿಯರ್ ಅವರ್ ಹೋಗುತ್ತದೆ. 35ರ ಬ್ಯಾಟರಿ ಮೂರೂವರೆ ದಿನದಲ್ಲಿ ಬರಿದು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ 10 ಆಂಪಿಯರ್ ಶ್ರೇಣಿಯಲ್ಲಿಟ್ಟ ಮೀಟರನ್ನು ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕಾರ್ಬ್ಯುರೇಟರ್ ಕಾಲದ ಕಾರಿನಲ್ಲಿ ಸ್ಟೀರಿಯೋದ ನೆನಪಿಗೆ ಹೋಗುವ ಹತ್ತಿಪ್ಪತ್ತು ಮಿಲಿಆಂಪಿಯರ್ ಬಿಟ್ಟರೆ ಬೇರೇನೂ ಇರಬಾರದು; 50 ದಾಟಿದರೆ ಹುಡುಕಬೇಕು. ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಅಂಕಿ ಬಿದ್ದ ಫ್ಯೂಸಿನ ಜಾಡು ಹಿಡಿಯಿರಿ. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ, ಬ್ಯಾಟರಿಯ ಕೇಬಲ್ ಬಿಚ್ಚಿಟ್ಟುಕೊಂಡು ಆಲ್ಟರ್‌ನೇಟರಿನ ದಪ್ಪ ವೈರನ್ನು ತೆಗೆದು ಮತ್ತೆ ಅಳೆಯಿರಿ. ಎಷ್ಟೋ ಸಲ ಕಳ್ಳ ಅಲ್ಲೇ, ಸೋರುವ ಡಯೋಡ್ ರೂಪದಲ್ಲಿ ಸಿಗುತ್ತಾನೆ. ಇನ್ನು ಹಳೆಯ ಮಾಲೀಕರು ಹಾಕಿಸಿದ ಆಂಪ್ಲಿಫೈಯರ್, ಸೆಂಟ್ರಲ್ ಲಾಕ್, ಅಲಾರಂಗಳ ಟೇಪ್ ಸುತ್ತಿದ ವೈರುಗಳು. ಫ್ಯೂಸನ್ನೂ ಕಾಣದೆ ನೇರ ಬ್ಯಾಟರಿಗೆ ಸೇರಿಸಿದ್ದು ಕಂಡರೆ ಮೊದಲು ಅದನ್ನು ಬಿಚ್ಚಿಸಿ. ಅದು ಬ್ಯಾಟರಿಯ ಪ್ರಶ್ನೆಗಿಂತ ಹೆಚ್ಚಾಗಿ ಬೆಂಕಿಯ ಪ್ರಶ್ನೆ.

ಕೂಲಿ ಯಾವುದಕ್ಕೆ?

ಇಷ್ಟೆಲ್ಲ ಗೊತ್ತಿರುವ ಜನ ನಮ್ಮ ಊರುಗಳಲ್ಲಿ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಳಗಲ್ಲಿಗಳಲ್ಲಿ, ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡಿನ ಹಿಂದೆ, ಆರ್ಮೇಚರ್ ಸುತ್ತುವ, ಡಯೋಡ್ ಪ್ಲೇಟ್ ಬೆಸೆಯುವ ಕಿರಿದಾದ ಅಂಗಡಿಗಳಿವೆ. ಆದರೆ ನಾವು ಅವರಿಗೆ ಹಣ ಕೊಡುವ ರೀತಿಯೇ ತಪ್ಪಾಗಿದೆ. ಬ್ಯಾಟರಿ ಬದಲಿಸಿದರೆ ಮರುಮಾತಿಲ್ಲದೆ ಸಾವಿರಗಟ್ಟಲೆ ಎಣಿಸುತ್ತೇವೆ. ಒಂದು ಗಂಟೆ ಹುಡುಕಿ, ಒಂದು ಅರ್ಥ್ ಬೋಲ್ಟ್ ಉಜ್ಜಿ ಬಿಗಿದು, ‘ಬ್ಯಾಟರಿ ಚೆನ್ನಾಗಿದೆ, ಬದಲಿಸಬೇಡಿ’ ಎಂದವರ ಮುಂದೆ ‘ಬೋಲ್ಟ್ ಟೈಟ್ ಮಾಡಿದ್ದಕ್ಕೆ ಇಷ್ಟಾ?’ ಎಂದು ಚೌಕಾಸಿ ಮಾಡುತ್ತೇವೆ. ಹುಡುಕುವುದಕ್ಕೆ ಕೂಲಿ ಸಿಗದ ಕಡೆ ಹುಡುಕುವವರು ಉಳಿಯುವುದಿಲ್ಲ, ಬದಲಿಸುವವರಷ್ಟೇ ಉಳಿಯುತ್ತಾರೆ. ಅಕಾಲದಲ್ಲಿ ಎಸೆದ ಒಂದೊಂದು ಬ್ಯಾಟರಿಯಲ್ಲೂ ಕಿಲೋಗಟ್ಟಲೆ ಸೀಸ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿದ್ದರೂ, ಅದನ್ನು ಬಯಲಿನಲ್ಲಿ ಒಡೆದು ಕರಗಿಸುವ ಕಡೆ ಆ ಹೊಗೆ ಕುಡಿಯುವವರು ಯಾರದೋ ಮಕ್ಕಳು. ಆದ್ದರಿಂದ ಪರೀಕ್ಷೆಯ ಕೂಲಿಯನ್ನು ಮೊದಲೇ ಮಾತಾಡಿ, ದೋಷ ಸಿಕ್ಕರೂ ಸಿಗದಿದ್ದರೂ ಕೊಡುವುದಾಗಿ ಹೇಳಿ. ಕೆಲಸದ ಗುಣವೇ ಬದಲಾಗುವುದನ್ನು ಕಾಣುತ್ತೀರಿ.

ಬ್ಯಾಟರಿ ಪೂರ್ತಿ ಇಳಿದಿದ್ದರೆ ಅದನ್ನು ತುಂಬುವ ಹೊಣೆಯನ್ನು ಆಲ್ಟರ್‌ನೇಟರಿನ ಮೇಲೆ ಹೇರಬೇಡಿ; ಹಳೆಯ ಆಲ್ಟರ್‌ನೇಟರು ಗಂಟೆಗಟ್ಟಲೆ ಪೂರ್ತಿ ಕರೆಂಟು ಕೊಟ್ಟು ಕಾದು ಕೆಡುತ್ತದೆ. 35 ಆಂಪಿಯರ್ ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರಿನಂತೆ ರಾತ್ರಿಯಿಡೀ ಚಾರ್ಜರಿನಲ್ಲಿಟ್ಟು, ಮರುದಿನ ಪರೀಕ್ಷೆಗೆ ಒಯ್ಯಿರಿ. ಅರೆಖಾಲಿ ಬ್ಯಾಟರಿಯ ಮೇಲೆ ಮಾಡಿದ ಯಾವ ಪರೀಕ್ಷೆಗೂ ಬೆಲೆ ಇಲ್ಲ. ಕೆಲಸ ಮುಗಿದ ಮೇಲೆ ಒಂದು ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ದಿನಾಂಕ ಮತ್ತು ಐದು ಅಂಕಿ ಇರಲಿ: ಬೆಳಗಿನ ವೋಲ್ಟು, ಸೆಲ್ಫ್ ಹೊಡೆಯುವಾಗಿನ ವೋಲ್ಟು, ಎಲ್ಲ ದೀಪ ಹಾಕಿ ಎಂಜಿನ್ ಓಡುವಾಗಿನ ವೋಲ್ಟು, ಪಾಸಿಟಿವ್ ದಾರಿಯ ನಷ್ಟ, ಅರ್ಥ್ ದಾರಿಯ ನಷ್ಟ. ಅದನ್ನು ಬಾನೆಟ್ಟಿನ ಒಳಬದಿಗೋ ಕಾರಿನ ಕಾಗದಪತ್ರದ ಜೊತೆಗೋ ಇಡಿ. ಮುಂದಿನ ಮಳೆಗಾಲಕ್ಕೆ ಮೊದಲು ಅದೇ ಐದನ್ನು ಮತ್ತೆ ಅಳೆಸಿದಾಗ, ಅರ್ಥ್ ದಾರಿಯ 0.1 ಎಂಬುದು 0.4 ಆಗಿದ್ದರೆ ಬಿಚ್ಚಬೇಕಾದ ಬೋಲ್ಟ್ ಯಾವುದು ಎಂದು ಯಾರೂ ಊಹಿಸಬೇಕಾಗುವುದಿಲ್ಲ.